ಎರಡು ವರ್ಷದ ದಾಖಲೆ, ಮೂರು ವರ್ಷದ ಕರಾರು

ಅಮೆರಿಕದಲ್ಲಿ ಕಾರನ್ನು ಲೀಸ್‌ಗೆ ಪಡೆದವರು ಅದನ್ನು ಎರಡು ಮೂರು ವರ್ಷ ಓಡಿಸಿ ಹಿಂದಿರುಗಿಸುತ್ತಾರೆ. ಅಷ್ಟರಲ್ಲಿ ಕಾರಿನ ಬೆಲೆ ಎಷ್ಟು ಇಳಿಯಬಹುದೆಂದು ಕಂಪನಿ ಮೊದಲೇ ಅಂದಾಜು ಮಾಡಿ, ಆ ಇಳಿತವನ್ನೂ ಬಡ್ಡಿಯಂಥದ್ದೇ ಆದ ಬಾಡಿಗೆ ಶುಲ್ಕವನ್ನೂ ತಿಂಗಳ ಕಂತಿನಲ್ಲಿ ವಸೂಲು ಮಾಡುತ್ತದೆ. ಇಡೀ ಲೆಕ್ಕ ನಿಂತಿರುವುದು ಕೊನೆಯ ದಿನ ಕಾರಿಗೆ ಉಳಿಯುವ ಬೆಲೆಯ ಮೇಲೆ, ಅಂದರೆ ಉಳಿಕೆ ಮೌಲ್ಯದ ಮೇಲೆ. 30,000 ಡಾಲರಿನ ಕಾರು ಮೂರು ವರ್ಷಗಳ ನಂತರ 18,000 ಬೆಲೆಬಾಳುತ್ತದೆ ಎಂದು ಬರೆದರೆ, ನಡುವಿನ 12,000 ಡಾಲರ್ 36 ತಿಂಗಳಿಗೆ ಹಂಚಿಹೋಗಿ ತಿಂಗಳಿಗೆ ಸುಮಾರು 333 ಆಗುತ್ತದೆ. ಅದೇ ಕಾರಿಗೆ 21,000 ಎಂದು ಬರೆದರೆ ತಿಂಗಳಿಗೆ 250 ಸಾಕು. ಕಾಗದದ ಮೇಲೆ ಒಂದೇ ಒಂದು ಅಂಕಿ ಬದಲಾಯಿತು, ಕಂತು ಅಗ್ಗವಾಗಿ ಕಂಡಿತು. ಆದರೆ ಕೊನೆಗೆ ಆ ಕಾರು 17,000ಕ್ಕೇ ಮಾರಿಹೋದರೆ ಉಳಿದ 4,000 ಡಾಲರ್ ಯಾರ ತಲೆಗೆ? ಓಪನ್ ಎಂಡ್ ಎಂದು ಕರೆಯುವ ಲೀಸ್‌ನಲ್ಲಿ ಅದು ಗ್ರಾಹಕನ ತಲೆಗೇ ಬರುತ್ತಿತ್ತು.

ಸಾಲ ಕೊಡುವವರು ಬಡ್ಡಿಯ ದರವನ್ನು ಮುಚ್ಚಿಡದೆ ಹೇಳಬೇಕೆಂಬ ಕಾನೂನು ಅಮೆರಿಕಕ್ಕೆ ಬಂದದ್ದು 1968ರಲ್ಲಿ. ಇಲಿನಾಯ್ ರಾಜ್ಯದ ಸೆನೆಟರ್ ಪಾಲ್ ಡಗ್ಲಸ್ 1960ರಲ್ಲಿ ಶುರುಮಾಡಿದ ಹೋರಾಟವನ್ನು ವಿಸ್ಕಾನ್ಸಿನ್‌ನ ವಿಲಿಯಂ ಪ್ರಾಕ್ಸ್‌ಮೈರ್ ದಡ ಮುಟ್ಟಿಸಿದರು. ಆದರೆ ಲೀಸ್ ಸಾಲವಲ್ಲ, ಬಾಡಿಗೆ. ಹಾಗಾಗಿ ಆ ಕಾನೂನಿನ ಕಣ್ಣಿಗೆ ಅದು ಬೀಳಲಿಲ್ಲ. ಈ ತೆರಪನ್ನು ಮುಚ್ಚಿದ್ದು 1976ರ ಮಾರ್ಚ್ 23ರಂದು ಬಂದ ಗ್ರಾಹಕ ಲೀಸ್ ಕಾಯಿದೆ. ಮನೆಬಳಕೆಗಾಗಿ ನಾಲ್ಕು ತಿಂಗಳಿಗಿಂತ ಹೆಚ್ಚು ಅವಧಿಗೆ ಪಡೆದ, ಒಟ್ಟು ಹೊಣೆ 25,000 ಡಾಲರ್ ಮೀರದ ವಸ್ತುಗಳ ಲೀಸ್‌ಗೆಲ್ಲ ಇದು ಅನ್ವಯಿಸಿತು. ಅದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮೂರು ಕಂತಿನ ನಿಯಮ. ಉಳಿಕೆ ಮೌಲ್ಯದ ಅಂದಾಜು ನಿಜವಾದ ಬೆಲೆಗಿಂತ ಮೂರು ತಿಂಗಳ ಕಂತಿನಷ್ಟಕ್ಕಿಂತ ಹೆಚ್ಚಾಗಿದ್ದರೆ, ಆ ಹೆಚ್ಚಳದ ಮಟ್ಟಿಗೆ ಅಂದಾಜು ಸಮಂಜಸವಲ್ಲವೆಂದೇ ಕಾನೂನು ಭಾವಿಸುತ್ತದೆ. ಹೆಚ್ಚಿನ ಹಣ ಬೇಕೆಂದರೆ ಕಂಪನಿ ಕೋರ್ಟಿಗೆ ಹೋಗಿ ಗೆಲ್ಲಬೇಕು. ಗ್ರಾಹಕನ ವಕೀಲರ ಶುಲ್ಕವನ್ನೂ ತಾನೇ ಕೊಡಬೇಕು. ಮೇಲಿನ ಉದಾಹರಣೆಯಲ್ಲಿ ಬಾಡಿಗೆ ಶುಲ್ಕ ಸೇರಿ ಕಂತು 377 ಡಾಲರ್ ಎಂದಿಟ್ಟುಕೊಂಡರೆ, ಕಂಪನಿ ಕೋರ್ಟಿಗೆ ಹೋಗದೆ ಕೇಳಬಹುದಾದದ್ದು ಸುಮಾರು 1,130 ಡಾಲರ್ ಮಾತ್ರ, 4,000 ಅಲ್ಲ. ಗ್ರಾಹಕ ಕಾರನ್ನು ಮಿತಿಮೀರಿ ಸವೆಸಿದ್ದರೆ ಮಾತ್ರ ಲೆಕ್ಕ ಬೇರೆ.

ಈ ನಿಯಮಗಳು ಮೊದಲು ಫೆಡರಲ್ ರಿಸರ್ವ್ ಮಂಡಳಿಯ ಸಾಲದ ನಿಯಮಾವಳಿಯಾದ ರೆಗ್ಯುಲೇಷನ್ ಝಡ್‌ನೊಳಗೇ ಇದ್ದವು. 1981ರಲ್ಲಿ ರೆಗ್ಯುಲೇಷನ್ ಎಂ ಎಂದು ಬೇರೆಯಾದವು. 1986ರ ತೆರಿಗೆ ಸುಧಾರಣೆ ಕಾರು ಸಾಲದ ಬಡ್ಡಿಗೆ ಸಿಗುತ್ತಿದ್ದ ವಿನಾಯಿತಿಯನ್ನು ಹಂತಹಂತವಾಗಿ ಕಿತ್ತುಹಾಕಿದ ಮೇಲೆ ಜನ ಲೀಸ್‌ನತ್ತ ಇನ್ನಷ್ಟು ವಾಲಿದರು. 1996ರಲ್ಲಿ ಮಂಡಳಿ, ಗ್ರಾಹಕನಿಗೆ ಕೊಡಬೇಕಾದ ವಿವರಗಳ ನಮೂನೆಯನ್ನೇ ಹೊಸದಾಗಿ ಬರೆಯಿತು: ಸಹಿ ಹಾಕುವಾಗ ಕೊಡಬೇಕಾದ ಮೊತ್ತ, ಕಾರಿಗೆ ಕಟ್ಟಿದ ಬೆಲೆ, ಉಳಿಕೆ ಮೌಲ್ಯ, ಇಳಿತ, ಬಾಡಿಗೆ ಶುಲ್ಕ ಎಲ್ಲವೂ ಉಳಿದ ಷರತ್ತುಗಳಿಂದ ಬೇರೆಯಾಗಿ, ಒಂದೇ ಕಡೆ ಕಾಣಬೇಕು. ನಡುವೆ ಲೀಸ್ ಮುರಿದರೆ ಸಾವಿರಾರು ಡಾಲರ್ ದಂಡ ಬೀಳಬಹುದೆಂಬ ಎಚ್ಚರಿಕೆಯೂ ಇರಬೇಕು. ಬಡ್ಡಿಗೆ ಸಮನಾದ ಒಂದು ದರವನ್ನು ಹೇಳಬೇಕೆಂದು ಮಾತ್ರ ಮಂಡಳಿ ಕಡ್ಡಾಯ ಮಾಡಲಿಲ್ಲ. ಡೀಲರುಗಳು 0.0025ರಂಥ ಮನಿ ಫ್ಯಾಕ್ಟರ್ ಹೇಳುತ್ತಾರೆ; ಅದನ್ನು 2,400ರಿಂದ ಗುಣಿಸಿದರೆ ಶೇ. 6 ಎಂದು ತಿಳಿಯುವುದು ಬಲ್ಲವರಿಗೆ ಮಾತ್ರ.

ಇಷ್ಟೆಲ್ಲ ಹೇಳಿಸಿದ ನಿಯಮಾವಳಿ, ಹೇಳಿದ್ದಕ್ಕೆ ಪುರಾವೆ ಉಳಿಸಿಕೊಳ್ಳುವ ವಿಷಯದಲ್ಲಿ ಎಡವಿದೆ ಎಂಬುದು ನನ್ನ ವಾದ. ನಿಯಮ ಪಾಲಿಸಿದ್ದಕ್ಕೆ ಸಾಕ್ಷ್ಯವನ್ನು ಕಂಪನಿ ಇಟ್ಟುಕೊಳ್ಳಬೇಕಾದದ್ದು ವಿವರ ಕೊಡಬೇಕಾದ ದಿನದಿಂದ ಎರಡು ವರ್ಷ. ಆದರೆ ಗ್ರಾಹಕ ದಾವೆ ಹೂಡಬಹುದಾದ ಗಡುವು ಲೀಸ್ ಮುಗಿದ ಮೇಲೆ ಒಂದು ವರ್ಷ. ಮೂರು ವರ್ಷದ ಲೀಸ್‌ನಲ್ಲಿ, ಜಗಳ ಹುಟ್ಟುವ ದಿನಕ್ಕೆ ಒಂದು ವರ್ಷ ಮೊದಲೇ ಕಂಪನಿ ಆ ಕಡತವನ್ನು ಹರಿದುಹಾಕಬಹುದು. ಈ ಎರಡು ವರ್ಷ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಸಾಲದ ಕಾನೂನಿನಲ್ಲಿ ದಾವೆಯ ಗಡುವು ಸಾಮಾನ್ಯವಾಗಿ ತಪ್ಪು ನಡೆದ ದಿನದಿಂದ ಒಂದು ವರ್ಷ. ಅಲ್ಲಿ ಎರಡು ವರ್ಷದ ದಾಖಲೆ ಧಾರಾಳವಾಗಿ ಸಾಕು. ಲೀಸ್‌ನ ಸತ್ಯ ಕೊನೆಯ ದಿನವೇ ಗೊತ್ತಾಗುವುದು ಎಂದು ಸಂಸತ್ತು ದಾವೆಯ ಗಡುವನ್ನು ಕೊನೆಗೆ ಸರಿಸಿತು. ದಾಖಲೆಯ ನಿಯಮ ಮಾತ್ರ ಸಾಲದ ಅಳತೆಯಲ್ಲೇ ಉಳಿಯಿತು.

ಗ್ರಾಹಕನ ಬಳಿಯೂ ಪ್ರತಿ ಇರುತ್ತದಲ್ಲ ಎನ್ನಬಹುದು. ಇರುತ್ತದೆ, ಅವನು ಇಟ್ಟುಕೊಳ್ಳಬಹುದಾದ ರೂಪದಲ್ಲೇ ಕೊಡಬೇಕೆಂದು ನಿಯಮವೂ ಇದೆ. ಆದರೆ ಸಹಿಗೆ ಮೊದಲು ವಿವರ ಕೈಸೇರಿತೇ, ಉಳಿಕೆ ಮೌಲ್ಯವನ್ನು ಯಾವ ಆಧಾರದ ಮೇಲೆ ಕಟ್ಟಲಾಯಿತು ಎಂಬುದು ಆ ಪ್ರತಿಯಲ್ಲಿ ಇರುವುದಿಲ್ಲ. ಲೀಸ್ ಮುಗಿಯುವಾಗ ಮಾಡಬೇಕಾದ ಕೆಲಸಗಳಿಗೆ ಎರಡು ವರ್ಷ ಹೊಸದಾಗಿ ಶುರುವಾಗುತ್ತದೆ ಎಂಬುದೂ ನಿಜ. ಆದರೂ ಅದು ಮೊದಲ ದಿನದ ಕಡತವನ್ನು ಮರಳಿ ತರುವುದಿಲ್ಲ. ಕಂಪನಿಗಳು ತೆರಿಗೆಗಾಗಿ ಕಾಗದ ಹೇಗೂ ಇಟ್ಟುಕೊಳ್ಳುತ್ತವೆ ಎಂಬ ಉತ್ತರವೂ ಪೂರ್ತಿ ಒಪ್ಪುವಂಥದ್ದಲ್ಲ, ಕರಾರು ಉಳಿದ ಮಾತ್ರಕ್ಕೆ ವಿವರ ಕೊಟ್ಟದ್ದರ ಪುರಾವೆ ಉಳಿಯಲೇಬೇಕೆಂದಿಲ್ಲ. ಗಟ್ಟಿಯಾದ ಆಕ್ಷೇಪವೆಂದರೆ, ಈ ನಮೂನೆಗಳನ್ನು ಯಾರೂ ಓದುವುದಿಲ್ಲ ಎಂಬುದು. ಸಹಿ ಹಾಕುವ ದಿನ ಓದುವವರು ಕಡಿಮೆ, ಒಪ್ಪುತ್ತೇನೆ. ಆದರೆ 2021ರ ಸುಮಾರಿಗೆ ಹಳೆಯ ಕಾರುಗಳ ಬೆಲೆ ಗಗನಕ್ಕೇರಿದಾಗ, ಅದೇ ಹಳೆಯ ಕಾಗದವನ್ನು ಜನ ಹುಡುಕಿ ತೆಗೆದರು. ಲೀಸ್ ಮುಗಿದಾಗ ಕೊಳ್ಳಬಹುದಾದ ಬೆಲೆ ವರ್ಷಗಳ ಹಿಂದೆಯೇ ಅದರಲ್ಲಿ ಬರೆದಿತ್ತು, ಅದು ಮಾರುಕಟ್ಟೆಗಿಂತ ಎಷ್ಟೋ ಕಡಿಮೆಯಿತ್ತು. ಅಲ್ಲಿ ಲೀಸ್ ಪಡೆದಿದ್ದ ಕನ್ನಡಿಗರಿಗೂ ಇದು ಗೊತ್ತಿರುವ ಸಂಗತಿಯೇ. ಕಾಗದ ಕೆಲಸಕ್ಕೆ ಬಂದದ್ದು ಕೊನೆಯಲ್ಲಿ.

ನಮ್ಮಲ್ಲಿ 1972ರ ಬಾಡಿಗೆ ಖರೀದಿ ಕಾಯಿದೆ ಜಾರಿಗೇ ಬಾರದೆ 2005ರಲ್ಲಿ ರದ್ದಾಯಿತು. ಆದರೂ ವಾಹನದ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಬಿದ್ದರೆ, ಮಾಲೀಕರೂ ಫೈನಾನ್ಸ್‌ನವರೂ ಸಹಿ ಮಾಡಿದ 35ನೇ ನಮೂನೆ ಆರ್‌ಟಿಓಗೆ ಸೇರುವವರೆಗೂ ಅದು ಅಳಿಯುವುದಿಲ್ಲ. ಷರತ್ತುಗಳ ಬಗ್ಗೆ ಆ ನಮೂದು ಏನೂ ಹೇಳದು, ನಿಜ. ಅದರ ಆಯುಷ್ಯವನ್ನಾದರೂ ಕರಾರಿಗೆ ಕಟ್ಟಿದ್ದಾರೆ. ಅಮೆರಿಕದಲ್ಲಿ 2010ರ ಡಾಡ್-ಫ್ರಾಂಕ್ ಕಾಯಿದೆ 25,000ದ ಮಿತಿಯನ್ನು 50,000ಕ್ಕೆ ಏರಿಸಿ ಬೆಲೆ ಸೂಚ್ಯಂಕಕ್ಕೆ ಜೋಡಿಸಿತು. 2025ಕ್ಕೆ ಅದು 71,900 ಡಾಲರ್ ಆಯಿತು. ಶಾಸನಬದ್ಧ ಪರಿಹಾರದ ಮಿತಿಯೂ 1,000ದಿಂದ 2,000 ಡಾಲರಿಗೆ ಏರಿತು. ನಿಯಮಾವಳಿ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯ ಕೈಗೆ ಹೋಗಿ 2011ರಲ್ಲಿ ಮರುಪ್ರಕಟವಾಯಿತು. ದಾಖಲೆಯ ಅವಧಿ ಮಾತ್ರ ಎರಡು ವರ್ಷವೇ ಉಳಿಯಿತು. ಕಡತಗಳು ಕಂಪ್ಯೂಟರಿನಲ್ಲಿ ಕುಳಿತಿರುವ ಈ ಕಾಲದಲ್ಲಿ, ಅದನ್ನು ಲೀಸ್ ಮುಗಿದ ಮೇಲೆ ಎರಡು ವರ್ಷ ಎಂದು ತಿದ್ದಲು ಒಂದು ಸಾಲು ಬದಲಾಯಿಸಿದರೆ ಸಾಕು.