ಗೊರಾಜ್: ಆಳಗಡಲಿನ ಕರಿಚುಕ್ಕೆಯ ಮೀನು

‘ಸೀ ಬ್ರೀಮ್’ ಎಂಬುದು ಸ್ಪಾರಿಡೇ ಕುಟುಂಬದ ಹಲವು ಮೀನುಗಳಿಗೆ ಸಲ್ಲುವ ಹೆಸರು. ಅವುಗಳಲ್ಲಿ ಆಳಗಡಲಿನದೊಂದು ಪ್ರಭೇದ ಪಜೆಲ್ಲಸ್ ಬೊಗರಾವಿಯೊ. ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ಬ್ರೂನಿಕ್ 1768ರಲ್ಲಿ ಇದನ್ನು ವರ್ಣಿಸಿದನು. ಟೊರಾಂಟೊದ ಪೋರ್ಚುಗೀಸರಲ್ಲಿ ಅನೇಕರ ತವರಾದ ಅಜೋರ್ಸ್ ದ್ವೀಪಗಳಲ್ಲಿ ಇದನ್ನು ‘ಗೊರಾಜ್’ ಎನ್ನುತ್ತಾರೆ. ಪೂರ್ವ ಅಟ್ಲಾಂಟಿಕ್‌ನಲ್ಲಿ ಸುಮಾರು 700 ಮೀಟರ್ ಆಳದವರೆಗೂ ಇದರ ವಾಸವಿದೆ.

ಕೆಂಪು ಬೆರೆತ ಬೆಳ್ಳಿಬಣ್ಣ, ಮೂತಿಯ ಉದ್ದವನ್ನು ಮೀರಿದ ದೊಡ್ಡ ಕಣ್ಣು, ಪಾರ್ಶ್ವರೇಖೆಯ ಆರಂಭದಲ್ಲಿ ಕರಿಚುಕ್ಕೆ ಇದರ ಗುರುತುಗಳು. ಎಳೆಯ ಮೀನುಗಳಲ್ಲಿ ಚುಕ್ಕೆ ಕಾಣದಿರಬಹುದು. ಹತ್ತಿರದ ಸಂಬಂಧಿ ಪಜೆಲ್ಲಸ್ ಅಕಾರ್ನೆಯಲ್ಲಿ ಚುಕ್ಕೆಯು ಎದೆಯ ಈಜುರೆಕ್ಕೆಯ ಬುಡದಲ್ಲಿರುತ್ತದೆ.

ಇವುಗಳಲ್ಲಿ ಬಹಳಷ್ಟು ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಹೆಣ್ಣಾಗುತ್ತವೆ. ದೊಡ್ಡ ಮೀನುಗಳನ್ನೇ ಹಿಡಿದರೆ ಮೊಟ್ಟೆಯಿಡುವವು ವಿರಳವಾಗುತ್ತವೆ. ಬಿಸ್ಕೆ ಕೊಲ್ಲಿಯಲ್ಲಿ ಮಿತಿಮೀರಿದ ಮೀನುಗಾರಿಕೆಯಿಂದ 1980ರ ದಶಕದಲ್ಲಿ ಇದರ ಸಂತತಿ ಕುಸಿಯಿತು. ಆದುದರಿಂದ ಕೊಳ್ಳುವವರು ಸಾಮಾನ್ಯ ಹೆಸರಿಗೆ ತೃಪ್ತರಾಗದೆ ಪ್ರಭೇದವನ್ನೂ ಹಿಡಿದ ಕಡಲನ್ನೂ ವಿಚಾರಿಸುವುದು ಲೇಸು.