ಪದ ಪರಿಚಯ: ಜಿಂದಾಬಾದ್

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳ ಹೆಣ್ಣಾಳುಗಳು ಕೂಲಿ ಹೆಚ್ಚಿಸಿ ಎಂದು ತಾಲ್ಲೂಕು ಕಚೇರಿಯತ್ತ ಮೆರವಣಿಗೆ ಹೊರಟರೆ, ಬೇಡಿಕೆಗಳೆಲ್ಲ ಕನ್ನಡದಲ್ಲಿರುತ್ತವೆ. ಸಂಘದ ಹೆಸರಿನ ಬೆನ್ನಿಗೆ ಮಾತ್ರ 'ಜಿಂದಾಬಾದ್' ಬರುತ್ತದೆ.

ಇದು ಪಾರಸಿಯಿಂದ ಬಂದ ಪದ. 'ಜಿಂದಾ' ಎಂದರೆ ಜೀವಂತ, 'ಬಾದ್' ಎಂದರೆ ಆಗಲಿ, ಕೂಡಿದರೆ 'ಬಾಳಲಿ'. 'ಜಿಂದಾ'ಗೂ ಸಂಸ್ಕೃತದ 'ಜೀವ'ಕ್ಕೂ ಬೇರು ಒಂದೇ. ಹೈದರಾಬಾದಿನ 'ಆಬಾದ್' ಬೇರೆ. ಅದಕ್ಕೆ ಜನವಸತಿ ಇರುವ ಎಡೆ ಎಂಬರ್ಥ. 'ಜಿಂದಾಬಾದ್'ನ ಎದುರು ಪದ 'ಮುರ್ದಾಬಾದ್'. ಕನ್ನಡದ ಬಾಯಿಗೆ ಅದಕ್ಕಿಂತ 'ಧಿಕ್ಕಾರ'ವೇ ಹೆಚ್ಚು ಒಗ್ಗಿದೆ.

'ಇಂಕ್ವಿಲಾಬ್ ಜಿಂದಾಬಾದ್' (ಕ್ರಾಂತಿ ಬಾಳಲಿ) ಘೋಷಣೆ 1921ರಲ್ಲಿ ಉರ್ದು ಕವಿ ಹಸ್ರತ್ ಮೊಹಾನಿ ಅವರಿಂದ ಬಂತು. 1929ರಲ್ಲಿ ಭಗತ್ ಸಿಂಗ್ ಅದನ್ನು ದೇಶದ ಮಾತಾಗಿಸಿದರು.

ಪದದ ತವರಾದ ಇರಾನಿನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ, ಶಿರವಸ್ತ್ರದ ನಿಯಮ ಮೀರಿದಳೆಂದು ಬಂಧಿತಳಾದ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿದ್ದಾಗಲೇ ಸಾವಿಗೀಡಾದಳು. ಹೆಂಗಸರು ಬೀದಿಗಿಳಿದು 'ಜನ್, ಜಿಂದಗಿ, ಆಜಾದಿ' ಎಂದರು: ಹೆಣ್ಣು, ಬದುಕು, ಸ್ವಾತಂತ್ರ್ಯ. ಮೂಲತಃ ಕುರ್ದಿ ಹೋರಾಟದ ಘೋಷಣೆಯಿದು. ಅದರ 'ಜಿಂದಗಿ'ಯೂ ನಮ್ಮ 'ಜಿಂದಾಬಾದ್'ನ 'ಜಿಂದಾ'ದಿಂದಲೇ ಬಂದದ್ದು.

ಬರೆಯುವಾಗ 'ಜಿಂದಾ ಬಾದ್' ಎಂದು ಒಡೆಯಬೇಡಿ. ಕನ್ನಡದಲ್ಲಿ ಅದು ಒಂದೇ ಪದ.