ಗುಡ್ಡದ ಮೇಲಿನ ವಿದ್ಯಾಶಾಲೆ

ವಿದ್ಯಾಶಾಲೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಅದರ ಆರಂಭದ ದಿನವನ್ನೂ ಕಟ್ಟಡಗಳನ್ನೂ ಮುಖ್ಯಾಧಿಕಾರಿಗಳ ಸಾಲನ್ನೂ ಹೇಳಿ ಮುಗಿಸುವುದುಂಟು. ಇವೆಲ್ಲವೂ ಬೇಕಾದುವೇ. ಆದರೆ ಶಾಲೆಗೂ ಊರಿಗೂ ಇರುವ ಸಂಬಂಧವು ತಿಳಿಯಬೇಕಾದರೆ ವರ್ಷದಲ್ಲಿ ಒಂದು ಕಾಲವನ್ನು ವಿಶೇಷವಾಗಿ ಗಮನಿಸಬೇಕು. ಅದು ಪರೀಕ್ಷೆ ಮುಗಿದು, ಬಹುಮಾನಗಳು ಹಂಚಲ್ಪಟ್ಟು, ಹುಡುಗರು ಗುರುಗಳ ಅಪ್ಪಣೆ ಪಡೆದು ಮನೆಗೆ ತೆರಳುವ ಕಾಲ. ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಲಯದ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದರೆ, ಒಂದು ಸಮಾಜದವರ ಅಪೇಕ್ಷೆಯಿಂದ ಹುಟ್ಟಿದ ಶಾಲೆಯು ಒಂದು ಜಿಲ್ಲೆಯ ಸೊತ್ತಾದ ಬಗೆಯೂ, ಪದವಿಯೆಂಬುದರ ಬೆಲೆಯೆಷ್ಟು, ಮಿತಿಯೆಷ್ಟು ಎಂಬುದೂ ಸ್ಪಷ್ಟವಾಗುತ್ತವೆ.

ಮಂಗಳೂರಿನ ಕಥೋಲಿಕ ಸಮಾಜವು ಹತ್ತೊಂಬತ್ತನೆಯ ಶತಮಾನವನ್ನು ಬಹಳ ದುಃಸ್ಥಿತಿಯಲ್ಲಿ ಪ್ರವೇಶಿಸಿತು. ೧೭೮೪ರಲ್ಲಿ ಟೀಪು ಸುಲ್ತಾನನ ಅಪ್ಪಣೆಯಂತೆ ಸೆರೆಯಾಗಿ ಘಟ್ಟದ ಮೇಲಕ್ಕೆ ಒಯ್ಯಲ್ಪಟ್ಟ ಸಾವಿರಾರು ಮಂದಿಯಲ್ಲಿ ಉಳಿದವರು ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕವೇ ಹಿಂದಿರುಗಲು ಸಾಧ್ಯವಾಯಿತು. ಹಿಂದಿರುಗಿದವರಿಗೆ ಭೂಮಿ ಮನೆಗಳನ್ನು ಕೂಡಿಸಿಕೊಳ್ಳುವುದರಲ್ಲಿಯೇ ಒಂದು ತಲೆಮಾರು ಕಳೆಯಿತು. ಆಮೇಲೆ ಅವರ ಗಮನವು ವಿದ್ಯೆಯ ಕಡೆಗೆ ತಿರುಗಿತು. ಅಷ್ಟರಲ್ಲಿ ಬಾಸೆಲ್ ಮಿಶನಿನವರು ೧೮೩೪ರಲ್ಲಿಯೇ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದಿದ್ದರು. ಸರಕಾರದ ಶಾಲೆಯೂ ಏರ್ಪಟ್ಟಿತ್ತು. ತಮ್ಮ ಮಕ್ಕಳಿಗೂ ಉಚ್ಚ ಶಿಕ್ಷಣವನ್ನು ಕೊಡಬಲ್ಲ ಒಂದು ಕಾಲೇಜು ಬೇಕೆಂದು ಕಥೋಲಿಕ ಗೃಹಸ್ಥರು ರೋಮಿಗೆ ಮೊರೆಯಿಟ್ಟರು. ಅದರ ಫಲವಾಗಿ ಪೋಪ್ ಹದಿಮೂರನೆಯ ಲಿಯೋ ಎಂಬವರು ಮಂಗಳೂರಿನ ಮಿಶನನ್ನು ಯೇಸುಸಭೆಯವರಿಗೆ, ಎಂದರೆ ಜೆಸುಯಿಟರಿಗೆ, ಒಪ್ಪಿಸಿದರು. ೧೮೭೮ನೆಯ ಡಿಸೆಂಬರ್ ೩೧ರಂದು ಇಟೆಲಿಯಿಂದ ಹೊರಟ ಪಾದ್ರಿಗಳ ಒಂದು ಚಿಕ್ಕ ತಂಡವು ಮಂಗಳೂರಿನಲ್ಲಿ ಇಳಿಯಿತು.

ಅವರು ತಡಮಾಡಲಿಲ್ಲ. ೧೮೮೦ನೆಯ ಜನವರಿ ೧೨ರಂದು ಕೋಡಿಯಾಲಬೈಲಿನ ಒಂದು ಮನೆಯಲ್ಲಿ ಸುಮಾರು ೧೫೦ ಹುಡುಗರೊಡನೆ ವಿದ್ಯಾಲಯವು ಆರಂಭವಾಯಿತು. ಮುಂದೆ ಲಾರೆನ್ಸ್ ಲೋಬೊ ಪ್ರಭು ಎಂಬ ಗೃಹಸ್ಥರು ದಾನವಿತ್ತ ನಿವೇಶನದಲ್ಲಿ ಕಟ್ಟಡವೆದ್ದು, ೧೮೮೫ರಲ್ಲಿ ಶಾಲೆಯು ಗುಡ್ಡವನ್ನೇರಿತು. ದೀಪಸ್ತಂಭವೂ ಈದ್ಗಾವೂ ಇರುವ ಆ ಗುಡ್ಡದಿಂದ ತೆಂಗಿನ ತೋಟಗಳ ಮೇಲೆ ಕಣ್ಣು ಹಾಯಿಸಿದರೆ ಪಡುವಣ ಕಡಲು ಕಾಣುವುದು. ಅಲ್ಲಿಗೆ ಬಂದ ಹುಡುಗರು ಕಥೋಲಿಕರು ಮಾತ್ರವೇ ಆಗಿರಲಿಲ್ಲ. ಉಡುಪಿ, ಪುತ್ತೂರು, ಕಾಸರಗೋಡುಗಳ ಕಡೆಯಿಂದ ಹೊಳೆಗಳನ್ನು ದೋಣಿಯಲ್ಲಿ ದಾಟಿ ಬಂದು, ನಂಟರಿಷ್ಟರ ಮನೆಗಳಲ್ಲಿ ಉಳಿದುಕೊಂಡು ಓದಿದ ಬೇರೆ ಬೇರೆ ಮತದ ಬಾಲಕರು ಅದೇ ಹಲಗೆಗಳ ಮೇಲೆ ಕುಳಿತರು.

ಆದರೆ ಗುಡ್ಡದ ಮೇಲಿನ ಈ ಶಾಲೆಗೆ ಪದವಿಯನ್ನು ಕೊಡುವ ಅಧಿಕಾರವಿರಲಿಲ್ಲ. ಅದು ೧೮೫೭ರಲ್ಲಿ ಸ್ಥಾಪಿತವಾದ ಮದ್ರಾಸು ವಿಶ್ವವಿದ್ಯಾನಿಲಯದ ಕೈಯಲ್ಲಿತ್ತು. ಮೆಟ್ರಿಕ್ಯುಲೇಶನ್, ಅದರ ಮೇಲೆ ಎರಡು ವರ್ಷಗಳ ಎಫ್. ಎ., ಅದರ ಮೇಲೆ ಬಿ. ಎ. ಎಂಬ ಮೂರು ಮೆಟ್ಟಿಲುಗಳನ್ನು ಏರಿದವನು ಮಾತ್ರ ಪದವೀಧರನೆನಿಸುತ್ತಿದ್ದನು. ಘಟಿಕೋತ್ಸವವು ನಡೆಯುತ್ತಿದ್ದುದು ಮದ್ರಾಸಿನಲ್ಲಿ. ಮಂಗಳೂರಿಗೆ ರೈಲು ಬಂದುದು ೧೯೦೭ರಲ್ಲಿ. ಅದಕ್ಕೆ ಮೊದಲು ಮದ್ರಾಸಿಗೆ ಹೋಗಬೇಕಾದವನು ಹಡಗಿನಲ್ಲಿ ಮಲಬಾರಿನ ಕರಾವಳಿಗೆ ಇಳಿದು, ಅಲ್ಲಿಂದ ರೈಲನ್ನು ಹತ್ತಬೇಕಾಗಿತ್ತು. ಮಳೆಗಾಲದಲ್ಲಿ ಕಡಲ ದಾರಿಯೂ ಮುಚ್ಚುತ್ತಿತ್ತು. ಇಷ್ಟು ದೂರದಲ್ಲಿದ್ದ ಒಂದು ಕಚೇರಿಯ ಮುದ್ರೆಗಾಗಿ ಜಿಲ್ಲೆಯ ಹುಡುಗರು ವರ್ಷಗಟ್ಟಲೆ ದೀಪವುರಿಸಿ ಓದಿದರು.

ಮದ್ರಾಸಿನ ಪರೀಕ್ಷೆಗಳ ಸ್ವರೂಪವೂ ಕಠಿನವಾಗಿದ್ದಿತು. ಒಂದು ವಿಷಯದಲ್ಲಿ ತಪ್ಪಿದವನು ಎಲ್ಲದರಲ್ಲಿಯೂ ತಪ್ಪಿದಂತೆಯೇ. ಕುಂಭಕೋಣದ ಶ್ರೀನಿವಾಸ ರಾಮಾನುಜನ್ ಅವರು ಗಣಿತದಲ್ಲಿ ಅಸಾಮಾನ್ಯರಾಗಿದ್ದರೂ ಇತರ ವಿಷಯಗಳಲ್ಲಿ ಉತ್ತೀರ್ಣರಾಗದೆ ೧೯೦೭ರಲ್ಲಿ ಎಫ್. ಎ. ಪರೀಕ್ಷೆಯಲ್ಲಿ ಎರಡನೆಯ ಬಾರಿಯೂ ಸೋತುದು ಪ್ರಸಿದ್ಧವಾಗಿದೆ. ಹೆಸರು ತಿಳಿಯದ ಎಷ್ಟು ಮಂದಿ ತರುಣರ ಮನೆಗಳಲ್ಲಿ ಇದೇ ಕಥೆ ನಡೆದಿತ್ತೋ! ಸರಕಾರಿ ಗುಮಾಸ್ತಗಿರಿಗೂ ವಕೀಲಿಗೂ ಉಪಾಧ್ಯಾಯ ವೃತ್ತಿಗೂ ಈ ಪರೀಕ್ಷೆಗಳೇ ಬಾಗಿಲಾಗಿದ್ದುದರಿಂದ, ಮಗನ ಫಲಿತಾಂಶವು ಮನೆಯ ಸಾಲವನ್ನೂ ಮಗಳ ಮದುವೆಯನ್ನೂ ಮುಟ್ಟುವ ಸಂಗತಿಯಾಗಿತ್ತು.

ಆಗ ಮೆಟ್ರಿಕ್ಯುಲೇಶನ್ ಪರೀಕ್ಷೆಯು ಡಿಸೆಂಬರಿನಲ್ಲಿ ನಡೆದು, ಶಾಲೆಯ ಹೊಸ ವರ್ಷವು ಜನವರಿಯಲ್ಲಿ ತೊಡಗುತ್ತಿದ್ದಿತು. ಆದುದರಿಂದ ಕಥೋಲಿಕ ಮನೆಗಳಲ್ಲಿ ಪರೀಕ್ಷೆಯ ಕೊನೆಯೂ ಕ್ರಿಸ್ತ ಜಯಂತಿಯ ಸಿದ್ಧತೆಯೂ ಒಂದೇ ತಿಂಗಳಲ್ಲಿ ಕೂಡಿ ಬರುತ್ತಿದ್ದುವು. ಒಂದು ಕಡೆ ಕುಸ್ವಾರಿನ ತಿಂಡಿಗಳಿಗೆ ಅಕ್ಕಿ ಬೆಲ್ಲ ತೆಂಗಿನಕಾಯಿಗಳನ್ನು ಕೂಡಿಸುವ ಗಡಿಬಿಡಿ. ಇನ್ನೊಂದು ಕಡೆ ಹುಡುಗನ ಭವಿಷ್ಯದ ಚಿಂತೆ. ೧೯೧೦ರ ಸುಮಾರಿಗೆ ಮೆಟ್ರಿಕ್ಯುಲೇಶನಿನ ಬದಲಿಗೆ ಎಸ್. ಎಸ್. ಎಲ್. ಸಿ. ಬಂದಿತು. ಬರಬರುತ್ತ ಪರೀಕ್ಷೆಯು ಬೇಸಗೆಗೂ ಶಾಲಾರಂಭವು ಜೂನಿನ ಮಳೆಗೂ ಸರಿದುವು. ಪೋಷಕ ಸಂತ ಅಲೋಶಿಯಸನ ಹಬ್ಬವು ಜೂನ್ ೨೧ರಂದು ಬರುವುದರಿಂದ, ಹೊಸದಾಗಿ ಸೇರಿದ ಬಾಲಕರು ತೊಯ್ದ ಕೊಡೆಗಳನ್ನು ಜಗಲಿಯಲ್ಲಿ ಬಿಟ್ಟು ಮೊದಲು ಕಾಣುವ ಉತ್ಸವವು ಅದೇ ಆಯಿತು.

ಪದವಿಯನ್ನು ಮದ್ರಾಸು ಕೊಟ್ಟರೂ ಬೀಳ್ಕೊಡುವ ಸಂಸ್ಕಾರವು ಗುಡ್ಡದ ಮೇಲೆಯೇ ಆಗುತ್ತಿತ್ತು. ಅದು ಬಹುಮಾನ ವಿತರಣೋತ್ಸವ. ಯೇಸುಸಭೆಯ ಶಾಲೆಗಳಲ್ಲಿ ಈ ಪದ್ಧತಿಯು ಬಹು ಹಳೆಯದು. ಆ ಸಭೆಯವರು ೧೫೯೯ರಲ್ಲಿ ಪ್ರಕಟಿಸಿದ ಶಿಕ್ಷಣ ನಿಯಮಾವಳಿಯಲ್ಲಿ ಬಹುಮಾನಗಳಿಗಾಗಿಯೇ ಒಂದು ಪ್ರಕರಣವಿದೆ. ಅಲಂಕಾರ ತರಗತಿಗೆ ಎಂಟು ಬಹುಮಾನಗಳು: ಲ್ಯಾಟಿನ್ ಗದ್ಯಕ್ಕೆ ಎರಡು, ಪದ್ಯಕ್ಕೆ ಎರಡು; ಗ್ರೀಕಿನಲ್ಲಿಯೂ ಅಂತೆಯೇ. ಬರೆದವನ ಹೆಸರು ಪರೀಕ್ಷಕರಿಗೆ ತಿಳಿಯದಂತೆ ಮುಚ್ಚಿಡಬೇಕು. ಮೂವರು ತೀರ್ಪುಗಾರರು ಓದಿ ನಿರ್ಣಯಿಸಬೇಕು. ಗೆದ್ದವನ ಹೆಸರನ್ನು ಸಭೆಯಲ್ಲಿ ಎಲ್ಲರೆದುರಿಗೆ ಕೂಗಿ ಕರೆಯಬೇಕು. ಹೆಸರನ್ನು ಮುಚ್ಚಿಡುವ ಈ ನಿಯಮವು ಸಣ್ಣದಾಗಿ ಕಂಡರೂ ಅದರ ಅರ್ಥವು ದೊಡ್ಡದು. ಶ್ರೀಮಂತನ ಮಗನೂ ಬಡವನ ಮಗನೂ ತೀರ್ಪುಗಾರನ ಮುಂದೆ ಬರಿಯ ಒಂದು ಹಾಳೆಯಾಗಿ ನಿಲ್ಲುತ್ತಾರೆ. ಜಾತಿ ಅಂತಸ್ತುಗಳ ಲೆಕ್ಕವು ಬಲವಾಗಿದ್ದ ಊರಿನಲ್ಲಿ ಇಂತಹ ಸಭೆಯನ್ನು ಹೆತ್ತವರು ಕುಳಿತು ನೋಡುವುದೇ ಒಂದು ಶಿಕ್ಷಣವಾಗಿದ್ದಿತು.

ವಿದ್ಯಾಲಯದ ದೇವಾಲಯವು ಬೀಳ್ಕೊಡುವ ಹುಡುಗರಿಗೆ ಬೇರೊಂದು ಪಾಠವನ್ನು ಹೇಳುತ್ತಿದ್ದಿತು. ಬೆರ್ಗಾಮೊ ಸೀಮೆಯ ಆಂತೋನಿಯೊ ಮೋಸ್ಕೇನಿ ಎಂಬ ಯೇಸುಸಭೆಯ ಸಹೋದರರು ೧೮೯೯ರಿಂದ ಸುಮಾರು ಎರಡು ವರ್ಷಗಳ ಕಾಲ ದುಡಿದು ಅದರ ಗೋಡೆಗಳನ್ನೂ ಮಾಳಿಗೆಯನ್ನೂ ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಮಾಳಿಗೆಯವು ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆದವು. ಮಾಳಿಗೆಯಲ್ಲಿರುವುದು ಪೋಷಕ ಸಂತನ ಜೀವನ. ಅಲೋಶಿಯಸ್ ಗೊನ್ಸಾಗನು ೧೫೬೮ರಲ್ಲಿ ಇಟೆಲಿಯ ಒಂದು ಅರಸು ಮನೆತನದ ಹಿರಿಯ ಮಗನಾಗಿ ಹುಟ್ಟಿದವನು. ತನಗೆ ಸಲ್ಲಬೇಕಾಗಿದ್ದ ಪ್ರಭುತ್ವವನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದನು. ರೋಮಿನಲ್ಲಿ ವಿದ್ಯಾರ್ಥಿಯಾಗಿರುವಾಗಲೇ ಸಾಂಕ್ರಾಮಿಕ ರೋಗಕ್ಕೆ ತುತ್ತಾದವರ ಸೇವೆಗೆ ನಿಂತು, ಅದೇ ರೋಗ ತಗಲಿ, ೧೫೯೧ರಲ್ಲಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಪದವಿಯನ್ನು ಪಡೆಯಲೆಂದು ಬಂದ ಬಾಲಕರಿಗೆ ಪದವಿಯನ್ನು ತೊರೆದವನೊಬ್ಬನು ಪೋಷಕನಾಗಿದ್ದುದು ಆಲೋಚನೆಗೆ ತಕ್ಕ ವಿಷಯವಾಗಿದೆ.

ಗುಡ್ಡದ ಮೇಲೆ ಭಾಷೆಗಳೂ ಹಲವು ಕೂಡಿದ್ದುವು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷು, ಪೂಜೆಯಲ್ಲಿ ಲ್ಯಾಟಿನ್. ಮೊದಲ ತಂಡದಲ್ಲಿ ಬಂದ ಪಾದ್ರಿ ಆಂಜೆಲೊ ಮಾಫೇಯಿಯವರು ಕೊಂಕಣಿಯನ್ನು ಕಲಿತು, ೧೮೮೨ರಲ್ಲಿ ಅದರ ವ್ಯಾಕರಣವನ್ನೂ ೧೮೮೩ರಲ್ಲಿ ನಿಘಂಟನ್ನೂ ಹೊರತಂದರು. ಅಚ್ಚುಹಾಕಿದುದು ಪ್ರೊಟೆಸ್ಟಂಟರ ಬಾಸೆಲ್ ಮಿಶನ್ ಮುದ್ರಣಾಲಯ. ಯುರೋಪಿನಲ್ಲಿ ಒಬ್ಬರನ್ನೊಬ್ಬರು ಸೇರದ ಎರಡು ಪಂಥದವರು ಮಂಗಳೂರಿನಲ್ಲಿ ಒಂದು ದೇಶಭಾಷೆಯ ಸೇವೆಗಾಗಿ ಕೂಡಿದರು.

ಕನ್ನಡದ ಮಟ್ಟಿಗೆ ಈ ವಿದ್ಯಾಲಯದ ಉಪಕಾರವು ಇನ್ನೂ ದೊಡ್ಡದು. ಆ ಕಾಲದ ಕಾಲೇಜುಗಳಲ್ಲಿ ಇಂಗ್ಲಿಷಿನ ಪ್ರಾಧ್ಯಾಪಕನಿಗೆ ಇದ್ದ ಗೌರವವೂ ಸಂಬಳವೂ ಕನ್ನಡ ಪಂಡಿತನಿಗೆ ಇರಲಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಹಾಗಿದ್ದರೂ ಇಲ್ಲಿ ಕನ್ನಡ ಪಂಡಿತರಾಗಿದ್ದ ಮುಳಿಯ ತಿಮ್ಮಪ್ಪಯ್ಯನವರು ೧೯೩೧ರಲ್ಲಿ ಕಾರವಾರದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾದರು. ೧೯೩೮ರಲ್ಲಿ ‘ನಾಡೋಜ ಪಂಪ’ವನ್ನು ಪ್ರಕಟಿಸಿ ಆದಿಕವಿಯ ಅಧ್ಯಯನಕ್ಕೆ ಹೊಸ ದಾರಿಯನ್ನು ತೆರೆದರು. ಸೇಡಿಯಾಪು ಕೃಷ್ಣ ಭಟ್ಟರು ಮೊದಲು ಪ್ರೌಢಶಾಲೆಯಲ್ಲಿಯೂ ಅನಂತರ ಕಾಲೇಜಿನಲ್ಲಿಯೂ ಕನ್ನಡವನ್ನು ಬೋಧಿಸಿದರು. ಛಂದಸ್ಸಿನಲ್ಲಿಯೂ ಶಬ್ದವಿಚಾರದಲ್ಲಿಯೂ ಅವರು ನಡೆಸಿದ ಸಂಶೋಧನೆಯು ‘ಛಂದೋಗತಿ’ಯೇ ಮೊದಲಾದ ಗ್ರಂಥಗಳಲ್ಲಿ ಫಲಿಸಿತು. ಪಾದ್ರಿಗಳ ಶಾಲೆಯಲ್ಲಿ ವೈದಿಕ ಮನೆತನದ ಪಂಡಿತನೊಬ್ಬನು ಜೈನ ಕವಿಯ ಕಾವ್ಯವನ್ನು ಕಥೋಲಿಕ ಹುಡುಗರಿಗೆ ವಿವರಿಸುವ ದೃಶ್ಯವನ್ನು ಕಲ್ಪಿಸಿಕೊಂಡರೆ ಆ ಶಾಲೆಯು ಯಾರದೆಂಬ ಪ್ರಶ್ನೆಗೆ ಉತ್ತರವು ತಾನಾಗಿ ದೊರೆಯುವುದು.

ಪದವಿಯ ಬೆಲೆಯನ್ನು ಅಳೆಯುವುದಕ್ಕೆ ಈ ಸೀಮೆಯಲ್ಲಿಯೇ ಒಂದು ಉದಾಹರಣೆಯಿದೆ. ಮಂಗಳೂರಿನ ಶಾಲೆಗಳಲ್ಲಿ ಓದಿ ಬೆಳೆದ ಮಂಜೇಶ್ವರದ ಗೋವಿಂದ ಪೈಗಳು ಬಿ. ಎ. ಓದಲು ಮದ್ರಾಸಿಗೆ ಹೋದರು. ಪರೀಕ್ಷೆಯ ನಡುವೆಯೇ ತಂದೆಯವರ ಮರಣವಾರ್ತೆ ಬರಲು, ಉಳಿದುದನ್ನು ಬಿಟ್ಟು ಊರಿಗೆ ಹಿಂದಿರುಗಿದರು. ಅದುವರೆಗೆ ಬರೆದಿದ್ದ ಇಂಗ್ಲಿಷಿಗೆ ಚಿನ್ನದ ಪದಕವು ಬಂದಿತು, ಪದವಿ ಬರಲಿಲ್ಲ. ಪದವಿಯಿಲ್ಲದ ಆ ವಿದ್ವಾಂಸರು ಮನೆಯಲ್ಲಿಯೇ ಕುಳಿತು ಹಲವು ಭಾಷೆಗಳನ್ನು ಕಲಿತರು. ನಾಡಿನ ಚರಿತ್ರೆಯನ್ನು ಶೋಧಿಸಿದರು. ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದರು. ಬಿ. ಎ. ಎನಿಸಿಕೊಳ್ಳದೆ ಮದ್ರಾಸನ್ನು ಬಿಟ್ಟು ಬಂದಿದ್ದ ಅವರಿಗೆ ೧೯೪೯ರಲ್ಲಿ ಅದೇ ಮದ್ರಾಸಿನ ಸರಕಾರವು ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು.

ಹಾಗೆಂದು ಪದವಿಯು ನಿರರ್ಥಕವೆಂದು ಹೇಳುವುದು ಅನ್ಯಾಯ. ಅರಸನ ಆಶ್ರಯವಾಗಲಿ ಭೂಮಿಯ ಬಲವಾಗಲಿ ಇಲ್ಲದ ಮನೆಗಳಿಗೆ ಅದು ಊರುಗೋಲಾಯಿತು. ಬಹುಕಾಲ ಆ ಊರುಗೋಲು ಗಂಡುಮಕ್ಕಳಿಗೆ ಮಾತ್ರ ಸಿಕ್ಕಿತೆಂಬುದೇ ಅದರ ದೊಡ್ಡ ಕೊರತೆ. ಅಣ್ಣನ ಬಹುಮಾನದ ಪುಸ್ತಕವನ್ನು ಮನೆಯಲ್ಲಿ ಕುಳಿತು ಓದಿದ ತಂಗಿಗೆ ತನ್ನ ಹೆಸರು ಸಭೆಯಲ್ಲಿ ಕೂಗಲ್ಪಡುವ ದಿನವು ಬಹಳ ತಡವಾಗಿ ಬಂದಿತು. ಮಂಗಳೂರಿನಲ್ಲಿ ಸ್ತ್ರೀಯರಿಗಾಗಿ ಸಂತ ಆಗ್ನೆಸ್ ಕಾಲೇಜು ಆರಂಭವಾದುದು ೧೯೨೧ರಲ್ಲಿ. ಅಲೋಶಿಯಸ್ ಕಾಲೇಜಿನ ಬಾಗಿಲು ಅವರಿಗೆ ತೆರೆದುದು ೧೯೮೬ರಲ್ಲಿ.

೧೯೫೬ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಮದ್ರಾಸಿನ ಸಂಬಂಧವು ಕಡಿದು ಮೈಸೂರು ವಿಶ್ವವಿದ್ಯಾನಿಲಯದ ಸಂಬಂಧವು ಬೆಳೆಯಿತು. ೧೯೮೦ರಲ್ಲಿ ಮಂಗಳೂರಿಗೇ ಒಂದು ವಿಶ್ವವಿದ್ಯಾನಿಲಯವಾಯಿತು. ೨೦೨೪ರಲ್ಲಿ ಅಲೋಶಿಯಸ್ ಕಾಲೇಜೇ ಪದವಿಗಳನ್ನು ಕೊಡುವ ಸ್ವತಂತ್ರ ಸಂಸ್ಥೆಯೆಂದು ಮಾನ್ಯವಾಯಿತು. ಒಂದು ಕಾಲಕ್ಕೆ ಹಡಗನ್ನೂ ರೈಲನ್ನೂ ಹಿಡಿದು ಹೋಗಿ ತರಬೇಕಾಗಿದ್ದ ಪದವಿಯು ಕೊನೆಗೆ ಗುಡ್ಡವನ್ನೇರಿ ಬಂದಿತು. ಇದು ಸಂತೋಷದ ಸಂಗತಿ. ಆದರೆ ಮದ್ರಾಸಿನ ಮುದ್ರೆಯು ದೂರವಿದ್ದಾಗ, ಆ ಮುದ್ರೆಯು ಕೊಡಲಾರದುದನ್ನು ಶಾಲೆಯೂ ಊರೂ ಕೂಡಿ ಹುಡುಗರಿಗೆ ಕೊಡುತ್ತಿದ್ದುವು: ಬೇರೆ ಮತದ ಗೆಳೆಯನ ಗೆಲವಿಗೆ ಕೈ ತಟ್ಟುವ ಮನಸ್ಸು, ಕಡಮೆ ಸಂಬಳದ ಪಂಡಿತನಿಂದ ದೊರೆತ ಪಂಪನ ಪರಿಚಯ, ಪ್ರಭುತ್ವವನ್ನು ಬಿಟ್ಟು ರೋಗಿಯ ಬಳಿಗೆ ಹೋದವನೊಬ್ಬನ ನೆನಪು. ಪದವಿಯು ಹತ್ತಿರವಾದ ಕಾಲದಲ್ಲಿ ಇವು ದೂರವಾಗದಂತೆ ನೋಡಿಕೊಳ್ಳುವ ಹೊಣೆಯು ಗುರುಗಳಿಗೆಷ್ಟೋ, ಮಕ್ಕಳನ್ನು ಗುಡ್ಡವನ್ನೇರಿಸುವ ಮನೆಗಳಿಗೂ ಅಷ್ಟೇ ಇರುವುದು.